ಹೃದಯಕ್ಕೆ ತೋಡಿದ ಬಳಸುಗಾಲುವೆ

ಕೆರೆಯ ತೂಬಿನಿಂದ ಗದ್ದೆಗೆ ಹರಿಯುವ ಕಾಲುವೆಯಲ್ಲಿ ಹೂಳು ತುಂಬಿತೆಂದರೆ ಒಕ್ಕಲಿಗನು ಮಾಡುವ ಉಪಾಯಗಳು ಎರಡು. ಹೂಳನ್ನು ಎತ್ತಿಸುವುದು ಒಂದು. ಹೂಳು ತುಂಬಿದ ಭಾಗವನ್ನು ಅದರ ಪಾಡಿಗೆ ಬಿಟ್ಟು, ಅದಕ್ಕೂ ಮೇಲಿನಿಂದ ಬೇರೊಂದು ಕಾಲುವೆಯನ್ನು ತೋಡಿ, ಹೂಳಿನ ಆಚೆಗೆ ನೀರನ್ನು ಕೂಡಿಸುವುದು ಮತ್ತೊಂದು. ಹೃದಯದ ಧಮನಿಗಳು ಕಟ್ಟಿಕೊಂಡಾಗ ಶಸ್ತ್ರವೈದ್ಯರು ಮಾಡುವ ಬೈಪಾಸ್ ಎಂಬ ಚಿಕಿತ್ಸೆಯು ಈ ಎರಡನೆಯ ಉಪಾಯವೇ ಆಗಿದೆ. ಯುಕ್ತಿಯು ಇಷ್ಟು ಸರಳವಾಗಿದ್ದರೂ, ರೋಗಕ್ಕೆ ಹೆಸರಿಟ್ಟ ದಿನದಿಂದ ಈ ಯುಕ್ತಿಯು ಮನುಷ್ಯನ ಎದೆಯಲ್ಲಿ ಸಿದ್ಧಿಸುವ ತನಕ ಸುಮಾರು ಇನ್ನೂರು ವರ್ಷಗಳು ಕಳೆದುವು. ಈ ವಿಳಂಬಕ್ಕೆ ಕಾರಣವು ಶಸ್ತ್ರವೈದ್ಯರ ಕೈಯಲ್ಲಿ ಚಳಕವಿಲ್ಲದಿದ್ದುದೇ ಎಂದು ಮೇಲ್ನೋಟಕ್ಕೆ ತೋರಬಹುದು. ಚರಿತ್ರೆಯನ್ನು ಪರಿಶೀಲಿಸಿದವರಿಗೆ ಬೇರೆ ಮೂರು ಕಾರಣಗಳು ಕಾಣುತ್ತವೆ: ಕಟ್ಟಿದ ಎಡೆಯು ಕಣ್ಣಿಗೆ ಕಾಣದಿದ್ದುದು, ಮಾಡಿದ ಕೆಲಸವನ್ನು ಲೆಕ್ಕವಿಟ್ಟು ನೋಡದಿದ್ದುದು, ಫಲಿಸಿದ ಕೆಲಸವನ್ನು ಇತರರಿಗೆ ತಿಳಿಸದಿದ್ದುದು.

ಮೊದಲು ಹೃದಯದ ಸ್ವಭಾವವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಮುಷ್ಟಿಯಷ್ಟು ಗಾತ್ರದ ಈ ಮಾಂಸದ ಚೀಲವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿದು ದೇಹಕ್ಕೆಲ್ಲ ರಕ್ತವನ್ನು ಕಳುಹಿಸುತ್ತದೆ. ಅದರ ಕೋಣೆಗಳಲ್ಲಿ ಸದಾ ರಕ್ತವು ತುಂಬಿ ಹರಿಯುತ್ತಿದ್ದರೂ ಆ ರಕ್ತದಿಂದ ಅದು ತನ್ನ ಹಸಿವನ್ನು ತೀರಿಸಿಕೊಳ್ಳಲಾರದು. ಮಹಾಧಮನಿಯ ಬುಡದಲ್ಲಿ ಹುಟ್ಟುವ ಎರಡು ಚಿಕ್ಕ ಧಮನಿಗಳೇ ಅದಕ್ಕೆ ಅನ್ನದಾತರು. ಅವು ಹೃದಯದ ಮೇಲ್ಮೈಯನ್ನು ಕಿರೀಟದಂತೆ ಬಳಸಿರುವುದರಿಂದ ಅವಕ್ಕೆ ಕಿರೀಟಧಮನಿಗಳೆಂದು ಹೆಸರಾಗಿದೆ. ಅವುಗಳ ಅಗಲವು ಮೂರು ನಾಲ್ಕು ಮಿಲ್ಲಿಮೀಟರುಗಳಷ್ಟೆ. ಕೈಕಾಲುಗಳ ಮಾಂಸಖಂಡಗಳು ಹೆಚ್ಚು ದುಡಿಯಬೇಕಾದಾಗ ಅದೇ ರಕ್ತದಿಂದ ಇನ್ನಷ್ಟು ಆಮ್ಲಜನಕವನ್ನು ಹೀರಿಕೊಳ್ಳಬಲ್ಲವು. ಹೃದಯವಾದರೋ ವಿಶ್ರಾಂತಿಯಲ್ಲಿರುವಾಗಲೇ ಅದರ ಬಹುಪಾಲನ್ನು ಹೀರಿಬಿಟ್ಟಿರುತ್ತದೆ. ಆದಕಾರಣ ಮೆಟ್ಟಿಲು ಹತ್ತುವಾಗಲೋ ಕೋಪ ಬಂದಾಗಲೋ ಅದಕ್ಕೆ ಹೆಚ್ಚು ರಕ್ತವೇ ಹರಿದು ಬರಬೇಕು. ಧಮನಿಯ ಒಳಗೋಡೆಯಲ್ಲಿ ಕೊಬ್ಬೂ ಸುಣ್ಣವೂ ಸೇರಿ ದಾರಿಯು ಕಿರಿದಾಗಿದ್ದರೆ ಆ ರಕ್ತವು ಬಾರದು. ಎದೆಯನ್ನು ಹಿಂಡಿದಂತೆ ನೋವು ಹುಟ್ಟುವುದು. ದಾರಿಯು ಪೂರ್ತಿಯಾಗಿ ಮುಚ್ಚಿಹೋದರೆ ಹೃದಯದ ಆ ಭಾಗವೇ ಸಾಯುವುದು.

ಈ ನೋವನ್ನು ಬೇರೆ ಎದೆನೋವುಗಳಿಂದ ಬೇರ್ಪಡಿಸಿ ಸ್ಪಷ್ಟವಾಗಿ ವರ್ಣಿಸಿದವನು ಲಂಡನ್ ನಗರದ ವಿಲಿಯಂ ಹೆಬರ್ಡೆನ್ ಎಂಬ ವೈದ್ಯನು. ಆತನು 1768ರಲ್ಲಿ ಅಲ್ಲಿಯ ವೈದ್ಯರ ಸಭೆಯ ಮುಂದೆ ಓದಿದ ಲೇಖನದಲ್ಲಿ ಈ ರೋಗಕ್ಕೆ ಆಂಜೈನಾ ಪೆಕ್ಟೋರಿಸ್, ಎಂದರೆ ಹೃದಯಶೂಲೆ, ಎಂಬ ಹೆಸರನ್ನಿಟ್ಟನು. ನಡೆಯುವಾಗ ಬರುವುದು, ನಿಂತೊಡನೆ ಹೋಗುವುದು, ಎಂಬ ಅದರ ಗುಣವನ್ನು ಆತನು ಚೆನ್ನಾಗಿ ಗುರುತಿಸಿದ್ದನು; ಆದರೆ ರೋಗದ ಮೂಲವೆಲ್ಲಿ ಎಂಬುದು ಆತನಿಗೆ ತಿಳಿಯಲಿಲ್ಲ. ಸಿಡುಬಿಗೆ ದಾಕು ಹಾಕುವುದನ್ನು ಕಂಡುಹಿಡಿದ ಎಡ್ವರ್ಡ್ ಜೆನ್ನರನು ಹೃದಯಶೂಲೆಯಿಂದ ಸತ್ತವನೊಬ್ಬನ ಹೃದಯವನ್ನು ಕೊಯ್ಯುತ್ತಿದ್ದಾಗ ಕತ್ತಿಗೆ ಏನೋ ಗಟ್ಟಿಯಾದುದು ತಗುಲಿತು. ಕಟ್ಟಡವು ಹಳೆಯದಾದುದರಿಂದ ಮೇಲಿನಿಂದ ಗಾರೆಯೇ ಉದುರಿತೇನೋ ಎಂದು ಆತನು ಮಾಳಿಗೆಯತ್ತ ತಲೆಯೆತ್ತಿ ನೋಡಿದನಂತೆ. ಅದು ಗಾರೆಯಲ್ಲ, ಎಲುಬಿನಂತೆ ಗಟ್ಟಿಯಾಗಿದ್ದ ಕಿರೀಟಧಮನಿಯೇ ಆಗಿದ್ದಿತು. ಆ ಕಾಲಕ್ಕೆ ಜೆನ್ನರನ ಗುರುವಾದ ಜಾನ್ ಹಂಟರನು ಇದೇ ಶೂಲೆಯಿಂದ ನರಳುತ್ತಿದ್ದನು. ಗುರುವಿನ ಮನಸ್ಸು ನೊಂದೀತೆಂದು ಶಿಷ್ಯನು ತಾನು ಕಂಡುದನ್ನು ಬಹಿರಂಗಪಡಿಸಲಿಲ್ಲ. ಹಂಟರನು ಬಹಳ ಮುಂಗೋಪಿ. ತನ್ನನ್ನು ಕೆರಳಿಸುವ ಯಾವನ ಕೈಯಲ್ಲಾದರೂ ತನ್ನ ಪ್ರಾಣವಿದೆಯೆಂದು ಆತನೇ ಹೇಳಿಕೊಳ್ಳುತ್ತಿದ್ದನೆಂದು ಪ್ರತೀತಿ. 1793ನೆಯ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದ ನಡೆದು, ಆತನು ಅಲ್ಲಿಯೇ ಕುಸಿದು ಸತ್ತನು. ಆತನ ಹೃದಯವನ್ನು ತೆರೆದು ನೋಡಿದಾಗ ಜೆನ್ನರನ ಊಹೆಯು ನಿಜವಾಗಿದ್ದಿತು.

ಹೀಗೆ ರೋಗದ ಮೂಲವು ಗೊತ್ತಾದರೂ ಅದು ಗೊತ್ತಾಗುತ್ತಿದ್ದುದು ರೋಗಿಯು ಸತ್ತ ಮೇಲೆ. ಬದುಕಿರುವ ಹೃದಯವನ್ನು ಮುಟ್ಟಬಾರದೆಂಬ ನಂಬಿಕೆಯು ಶಸ್ತ್ರವೈದ್ಯರಲ್ಲಿ ಬಲವಾಗಿ ಬೇರೂರಿದ್ದಿತು. 1896ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ರೇನ್ ಎಂಬಾತನು ಇರಿತಕ್ಕೆ ಗುರಿಯಾದ ಯುವಕನೊಬ್ಬನ ಹೃದಯದ ಗಾಯಕ್ಕೆ ಹೊಲಿಗೆ ಹಾಕಿ ಆತನನ್ನು ಬದುಕಿಸಿದನು; ಆ ನಂಬಿಕೆಯು ಅಂದು ಸಡಿಲಿತು. ಅದಾದ ಮೇಲೆ ಫ್ರಾನ್ಸಿನಲ್ಲಿ ಹುಟ್ಟಿ ಅಮೇರಿಕದಲ್ಲಿ ನೆಲೆಸಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬ ಪಂಡಿತನು ರಕ್ತನಾಳಗಳ ತುದಿಗಳನ್ನು ಸೂಜಿ ದಾರಗಳಿಂದ ಕೂಡಿಸುವ ವಿದ್ಯೆಯನ್ನು ಬೆಳೆಸಿದನು. 1912ರ ನೊಬೆಲ್ ಪಾರಿತೋಷಕವು ಆತನಿಗೆ ದೊರೆಯಿತು. ಆತನು 1910ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಾಯಿಯೊಂದರ ಮಹಾಧಮನಿಯಿಂದ ಕಿರೀಟಧಮನಿಗೆ ಬೇರೊಂದು ನಾಳವನ್ನು ಸೇರಿಸಿ ಬಳಸುಗಾಲುವೆಯನ್ನು ನಿರ್ಮಿಸಲು ಪ್ರಯತ್ನಿಸಿದ ವಿವರವಿದೆ. ಹೊಲಿಗೆಗೆ ಐದು ನಿಮಿಷಗಳು ಬೇಕಾದುವು. ಮೂರನೆಯ ನಿಮಿಷಕ್ಕೇ ಹೃದಯವು ಲಯ ತಪ್ಪಿ ಅದುರತೊಡಗಿತು. ಕೈಯಿಂದ ಹಿಸುಕಿ ಅದನ್ನು ನಡೆಯಿಸಿದರೂ ನಾಯಿಯು ಎರಡು ಗಂಟೆಗಳೊಳಗೇ ಸತ್ತಿತು. ಆದುದರಿಂದ ಬೈಪಾಸಿನ ಕಲ್ಪನೆಯು ಕಾರ್ಯಕ್ಕಿಂತ ಅರ್ಧ ಶತಮಾನಕ್ಕೂ ಹಿರಿದೆಂದು ಹೇಳಬೇಕು.

ಮುಂದಿನ ನಲವತ್ತು ವರ್ಷಗಳು ಕತ್ತಲೆಯಲ್ಲಿ ತಡಕಾಡಿದ ಕಾಲ. ಕಿರೀಟಧಮನಿಯು ಹಠಾತ್ತಾಗಿ ಮುಚ್ಚಿದರೂ ರೋಗಿಯು ಬದುಕಿ ಉಳಿಯಬಹುದೆಂದು 1912ರಲ್ಲಿ ಚಿಕಾಗೋದ ಜೇಮ್ಸ್ ಹೆರಿಕ್ ತೋರಿಸಿಕೊಟ್ಟನು. ಬದುಕುವವರಿದ್ದಾರೆಂದ ಮೇಲೆ ಅವರಿಗಾಗಿ ಏನಾದರೂ ಮಾಡಬೇಕೆಂಬ ತವಕವು ಸಹಜವೇ. ಕ್ಲೀವ್‌ಲೆಂಡ್ ನಗರದ ಕ್ಲಾಡ್ ಬೆಕ್ 1935ರಲ್ಲಿ ಎದೆಯ ಮಾಂಸಖಂಡವನ್ನು ಹೃದಯದ ಮೇಲ್ಮೈಗೆ ಹೊಲಿದು, ಅಲ್ಲಿ ಹೊಸ ನಾಳಗಳು ಚಿಗುರಲೆಂದು ಕಾದನು. ಕೆನಡದ ಮಾಂಟ್ರಿಯಲ್ ನಗರದ ಆರ್ಥರ್ ವೈನ್‌ಬರ್ಗನು ಎದೆಗೋಡೆಯ ಒಳಬದಿಯಲ್ಲಿ ಇಳಿದು ಬರುವ ಧಮನಿಯನ್ನು ಬಿಡಿಸಿ, 1950ರಲ್ಲಿ ಅದರ ತುದಿಯನ್ನು ರೋಗಿಯ ಹೃದಯದ ಮಾಂಸದೊಳಗೆ, ಗಿಡದ ಕಡ್ಡಿಯನ್ನು ನೆಲದಲ್ಲಿ ಊರಿದಂತೆ, ಊರಿದನು. ಇನ್ನು ಕೆಲವರು ಅದೇ ಎದೆಗೋಡೆಯ ಧಮನಿಗಳನ್ನು ಸುಮ್ಮನೆ ಕಟ್ಟಿಬಿಟ್ಟರೆ ಅವುಗಳ ರಕ್ತವು ಹೃದಯದ ಕಡೆಗೆ ತಿರುಗುವುದೆಂದು ವಾದಿಸಿದರು. ಈ ಕೊನೆಯ ಚಿಕಿತ್ಸೆಯು ಸುಲಭವಾದುದರಿಂದ 1950ರ ಬಳಿಕ ಬಹು ಬೇಗ ಹಬ್ಬಿತು. ನೋವು ಹೋಯಿತೆಂದು ರೋಗಿಗಳು ಸಂತೋಷಪಟ್ಟರು, ವೈದ್ಯರೂ ಹಿಗ್ಗಿದರು.

ಆ ಸಂತೋಷವನ್ನು ಪರೀಕ್ಷೆಗೆ ಗುರಿಮಾಡಿದವನು ಸಿಯಾಟಲ್ ನಗರದ ಲಿಯೊನಾರ್ಡ್ ಕಾಬ್. 1959ರಲ್ಲಿ ಪ್ರಕಟವಾದ ಆತನ ಪರೀಕ್ಷೆಯಲ್ಲಿ 17 ಮಂದಿ ರೋಗಿಗಳಿದ್ದರು. ಎಲ್ಲರ ಎದೆಯ ಚರ್ಮವನ್ನೂ ಕೊಯ್ಯಲಾಯಿತು. ಆದರೆ ಕೆಲವರ ಧಮನಿಗಳನ್ನು ಮಾತ್ರ ಕಟ್ಟಿ, ಉಳಿದವರ ಗಾಯವನ್ನು ಸುಮ್ಮನೆ ಹೊಲಿಯಲಾಯಿತು. ತಾನು ಯಾವ ಗುಂಪಿನವನೆಂಬುದು ಯಾವ ರೋಗಿಗೂ ತಿಳಿಯದು. ಧಮನಿಗಳನ್ನು ಕಟ್ಟಿಸಿಕೊಂಡವರಿಗೆ ಎಷ್ಟು ಗುಣವಾಯಿತೋ ಬರಿಯ ಗಾಯವನ್ನು ಹೊತ್ತವರಿಗೂ ಅಷ್ಟೇ ಗುಣವಾಯಿತು. ಎಂದರೆ ನೋವನ್ನು ತಗ್ಗಿಸಿದುದು ಕತ್ತಿಯಲ್ಲ, ಕತ್ತಿಯ ಮೇಲಿನ ನಂಬಿಕೆ. ರೋಗಿಗಳಿಗೆ ತಿಳಿಸದೆ ಹೀಗೆ ಮಾಡಿದುದು ಧರ್ಮವೇ ಎಂಬ ಪ್ರಶ್ನೆಯು ಇಂದಿಗೂ ಕೇಳಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಹದಿನೇಳು ಜನರ ಈ ಪರೀಕ್ಷೆಯ ದೆಸೆಯಿಂದ ನಿಷ್ಫಲವಾದ ಒಂದು ಚಿಕಿತ್ಸೆಯು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದಿತು. ರೋಗಿಯ ಮೆಚ್ಚುಗೆಯೊಂದೇ ಚಿಕಿತ್ಸೆಗೆ ಪ್ರಮಾಣವಾಗದೆಂಬ ಎಚ್ಚರವು ಹೃದಯದ ಶಸ್ತ್ರವೈದ್ಯಕ್ಕೆ ಅಂದು ಬಂದಿತು.

ಇಷ್ಟರಲ್ಲಿ ಎರಡು ದೊಡ್ಡ ಸಾಧನಗಳು ಸಿದ್ಧವಾಗುತ್ತಿದ್ದುವು. ಮೊದಲನೆಯದು, ಹೃದಯವನ್ನು ನಿಲ್ಲಿಸಿ ಕೆಲಸಮಾಡುವಾಗ ಅದರ ಭಾರವನ್ನೂ ಶ್ವಾಸಕೋಶದ ಭಾರವನ್ನೂ ಹೊರುವ ಯಂತ್ರ. ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯನು ತನ್ನ ಯೌವನದಲ್ಲಿ, ಶ್ವಾಸಕೋಶದ ನಾಳವು ಕಟ್ಟಿ ಸಾಯುತ್ತಿದ್ದ ಹೆಂಗಸೊಬ್ಬಳ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿದ್ದಾಗ ಇದರ ಯೋಚನೆಯು ಹುಟ್ಟಿತು. ಆತನೂ ಆತನ ಹೆಂಡತಿ ಮೇರಿಯೂ ಜೊತೆಯಾಗಿ ಅನೇಕ ವರ್ಷ ದುಡಿದರು. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧವು ದೊರೆತಿದ್ದುದರಿಂದಲೇ ಈ ಯಂತ್ರವು ಸಾಧ್ಯವಾಯಿತು. 1953ನೆಯ ಮೇ 6ರಂದು ಫಿಲಡೆಲ್ಫಿಯದಲ್ಲಿ ಆ ಯಂತ್ರದ ನೆರವಿನಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಗಿಬ್ಬನನು ಮುಚ್ಚಿದನು. ಕ್ಯಾರೆಲನನ್ನು ಸೋಲಿಸಿದ ಆ ಮೂರು ನಿಮಿಷಗಳ ಗಡುವು ಅಂದಿಗೆ ತೀರಿತು.

ಎರಡನೆಯ ಸಾಧನವು ಅಪಘಾತದಿಂದ ದೊರೆಯಿತು. 1958ನೆಯ ಅಕ್ಟೋಬರ್ 30ರಂದು ಕ್ಲೀವ್‌ಲೆಂಡ್ ಕ್ಲಿನಿಕ್ ಎಂಬ ಆಸ್ಪತ್ರೆಯಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯನು ತರುಣನೊಬ್ಬನ ಮಹಾಧಮನಿಯೊಳಕ್ಕೆ ಸಣ್ಣ ಕೊಳವೆಯೊಂದನ್ನು ತೂರಿಸಿ, ಕ್ಷಕಿರಣದ ಚಿತ್ರದಲ್ಲಿ ಎದ್ದು ಕಾಣುವ ದ್ರವವನ್ನು ಹರಿಯಿಸುತ್ತಿದ್ದನು. ಕೊಳವೆಯ ತುದಿಯು ತಿಳಿಯದಂತೆ ಜಾರಿ ಬಲಗಡೆಯ ಕಿರೀಟಧಮನಿಯನ್ನು ಹೊಕ್ಕಿತು. ದ್ರವವೆಲ್ಲ ಅದರೊಳಗೇ ಹರಿಯಿತು. ಹೀಗಾದರೆ ಸಾವು ನಿಶ್ಚಯವೆಂಬುದು ಆ ಕಾಲದ ನಂಬಿಕೆ. ಸೋನ್ಸನು ಎದೆಯನ್ನು ತೆರೆಯಲು ಕತ್ತಿಗಾಗಿ ಧಾವಿಸಿದನು. ರೋಗಿಯ ಹೃದಯವು ಕೆಲವು ಕ್ಷಣ ನಿಂತಿತು. ಕೆಮ್ಮೆಂದು ಹೇಳಲು ಆತನು ಕೆಮ್ಮಿದನು. ಹೃದಯವು ಮತ್ತೆ ಮಿಡಿಯತೊಡಗಿತು. ಗಾಬರಿಯು ಇಳಿದ ಮೇಲೆ ನೋಡಿದರೆ, ಬದುಕಿರುವ ಮನುಷ್ಯನ ಕಿರೀಟಧಮನಿಯು ಬುಡದಿಂದ ಕೊನೆಯ ತನಕ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದ್ದಿತು. ಜೆನ್ನರನು ಹೆಣದಲ್ಲಿ ಕಂಡುದನ್ನು ವೈದ್ಯರು ಇನ್ನು ಮುಂದೆ ಜೀವಂತ ರೋಗಿಯಲ್ಲಿ ಕಾಣಬಹುದಾಯಿತು. ಇದೇ ಈಗ ಎಲ್ಲರ ಬಾಯಲ್ಲಿರುವ ಆಂಜಿಯೋಗ್ರಾಮ್. ವೈನ್‌ಬರ್ಗನ ಹಳೆಯ ರೋಗಿಗಳನ್ನು 1962ರಲ್ಲಿ ಇದೇ ರೀತಿಯಿಂದ ಪರೀಕ್ಷಿಸಿದಾಗ, ಆತನು ಊರಿದ ಧಮನಿಯು ನಿಜವಾಗಿಯೂ ಬೇರುಬಿಟ್ಟಿದ್ದುದು ಕಂಡುಬಂದಿತು. ಹಲವರು ಹಾಸ್ಯಮಾಡಿದ್ದ ಮನುಷ್ಯನಿಗೆ ಹನ್ನೆರಡು ವರ್ಷಗಳ ಮೇಲೆ ಸಾಕ್ಷಿಯು ದೊರೆಯಿತು.

ಈ ಕಾಲದಲ್ಲಿಯೇ ನಾಲ್ಕು ಕಡೆಗಳಲ್ಲಿ ಬಳಸುಗಾಲುವೆಯು ತೋಡಲ್ಪಟ್ಟಿತು. ಆದರೆ ಯಾವುದೂ ಹೆದ್ದಾರಿಯಾಗಲಿಲ್ಲ. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಆಳ್ವಿಕೆಯಲ್ಲಿ ದೇಶಬಿಟ್ಟ ರಾಬರ್ಟ್ ಗೋಟ್ಸ್ ಎಂಬಾತನು 1960ನೆಯ ಮೇ 2ರಂದು ನ್ಯೂಯಾರ್ಕಿನಲ್ಲಿ, ಲೋಹದ ಸಣ್ಣ ಬಳೆಯೊಂದರಿಂದ ಎದೆಗೋಡೆಯ ಧಮನಿಯನ್ನು ಕಿರೀಟಧಮನಿಗೆ ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಜೋಡಿಸಿದನು. ರೋಗಿಯು ಒಂದು ವರ್ಷಕ್ಕೂ ಹೆಚ್ಚು ಬದುಕಿದನು. ಆದರೆ ಜೊತೆಯ ವೈದ್ಯರು ಒಪ್ಪಲಿಲ್ಲ. ಗೋಟ್ಸನು ಮತ್ತೆ ಅದನ್ನು ಮಾಡಲಿಲ್ಲ. 1962ರಲ್ಲಿ ಡೇವಿಡ್ ಸ್ಯಾಬಿಸ್ಟನ್ ಕಾಲಿನ ಶಿರೆಯನ್ನು ಬಳಸಿ ಬೈಪಾಸ್ ಮಾಡಿದನು, ರೋಗಿಯು ಉಳಿಯಲಿಲ್ಲ, ಆ ಸಂಗತಿಯು 1974ರ ತನಕ ಅಚ್ಚಾಗಲಿಲ್ಲ. 1964ರಲ್ಲಿ ಹ್ಯೂಸ್ಟನ್ ನಗರದಲ್ಲಿ ಎಡ್ವರ್ಡ್ ಗ್ಯಾರೆಟನೂ ಆತನ ಸಂಗಡಿಗರೂ ಬೇರೊಂದು ಚಿಕಿತ್ಸೆಗೆಂದು ತೊಡಗಿ, ನಡುವೆ ಕಷ್ಟವೊದಗಿದುದರಿಂದ ಬೈಪಾಸ್ ಮಾಡಬೇಕಾಯಿತು. ರೋಗಿಯು ಚೆನ್ನಾಗಿಯೇ ಬದುಕಿದನು. ಆದರೆ ಅದೂ 1973ರ ವರೆಗೆ ಲೋಕಕ್ಕೆ ತಿಳಿಯಲಿಲ್ಲ.

ನಾಲ್ಕನೆಯವನು ರಷ್ಯದ ವಸೀಲಿ ಕೊಲೆಸೊವ್. ಆತನು 1964ನೆಯ ಫೆಬ್ರವರಿ 25ರಂದು ಲೆನಿನ್‌ಗ್ರಾಡ್ ನಗರದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ಮಿಡಿಯುತ್ತಿರುವ ಹೃದಯದ ಮೇಲೆಯೇ, ಎದೆಗೋಡೆಯ ಧಮನಿಯನ್ನು ಕಿರೀಟಧಮನಿಗೆ ಸೂಜಿ ದಾರಗಳಿಂದ ಹೊಲಿದನು. ಆ ಕೈಯ ಸ್ಥೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆರಂಭದಲ್ಲಿ ಆತನ ಬಳಿ ಸೋನ್ಸನ ಚಿತ್ರಗಳಂಥವು ಇರಲಿಲ್ಲ. ರೋಗಲಕ್ಷಣಗಳಿಂದಲೂ, ಎದೆಯನ್ನು ತೆರೆದ ಮೇಲೆ ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಿ, ಕಟ್ಟಿದ ಎಡೆಯನ್ನು ಆತನು ಊಹಿಸಬೇಕಾಗಿದ್ದಿತು. ತನ್ನ ದೇಶದವರಲ್ಲಿಯೇ ಆತನನ್ನು ಅನುಸರಿಸಿದವರು ವಿರಳ. 1967ರಲ್ಲಿ ಆತನ ಲೇಖನವು ಇಂಗ್ಲಿಷಿನಲ್ಲಿ ಪ್ರಕಟವಾದ ಮೇಲೆಯೇ ಹೊರಗಿನವರು ಅದನ್ನರಿತರು. ಒಬ್ಬನಿಗೆ ಸಂಗಡಿಗರಿಲ್ಲ, ಇಬ್ಬರು ಹೇಳಲಿಲ್ಲ, ಒಬ್ಬನಿಗೆ ನಕ್ಷೆಯಿಲ್ಲ. ಇದರಿಂದಲೇ ನಾಲ್ವರೂ ಏಕಾಕಿಗಳಾಗಿ ಉಳಿದರು.

ಈ ಮೂರೂ ಅನುಕೂಲಗಳು ಒಂದೇ ಎಡೆಯಲ್ಲಿ ಕೂಡಿಬಂದುದು ರೆನೆ ಫವಲೋರೊ ಎಂಬಾತನಿಗೆ. ಆತನು 1923ರಲ್ಲಿ ದಕ್ಷಿಣ ಅಮೇರಿಕದ ಅರ್ಜೆಂಟೀನದ ಲಾ ಪ್ಲಾಟ ಎಂಬ ನಗರದಲ್ಲಿ ಹುಟ್ಟಿದನು. ತಂದೆ ಬಡಗಿ, ತಾಯಿ ಬಟ್ಟೆ ಹೊಲಿಯುವವಳು. 1949ರಲ್ಲಿ ವೈದ್ಯಪದವಿಯನ್ನು ಪಡೆದ ಮೇಲೆ ಆಸ್ಪತ್ರೆಯಲ್ಲಿ ಹುದ್ದೆಯು ದೊರೆಯುವಂತಿದ್ದರೂ, ಆಗಿನ ಸರ್ಕಾರದ ಪಕ್ಷಕ್ಕೆ ನಿಷ್ಠೆಯನ್ನು ಬರೆದುಕೊಡಬೇಕೆಂದಾಗ ಆತನು ಒಪ್ಪದೆ, 1950ರಲ್ಲಿ ಹಸಿನ್ತೊ ಅರೌಸ್ ಎಂಬ ದೂರದ ಹಳ್ಳಿಗೆ ಹೊರಟುಹೋದನು. ಅಲ್ಲಿಯ ವೈದ್ಯನು ಕಾಯಿಲೆ ಬಿದ್ದುದರಿಂದ ಕೆಲವು ತಿಂಗಳ ಮಟ್ಟಿಗೆಂದು ಹೋದವನು ಹನ್ನೆರಡು ವರ್ಷ ನಿಂತನು. ತಮ್ಮನನ್ನೂ ಕರೆಸಿಕೊಂಡು ಶಸ್ತ್ರಚಿಕಿತ್ಸೆಯ ಕೋಣೆಯನ್ನು ಕಟ್ಟಿದನು; ಸೂಲಗಿತ್ತಿಯರಿಗೆ ಶುಚಿತ್ವವನ್ನು ಕಲಿಸಿದನು; ರಕ್ತ ಬೇಕಾದಾಗ ಕೊಡಬಲ್ಲ ಊರವರ ಪಟ್ಟಿಯನ್ನು ಮಾಡಿಟ್ಟನು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 1962ರಲ್ಲಿ, ಹೃದಯದ ಶಸ್ತ್ರವಿದ್ಯೆಯನ್ನು ಕಲಿಯಬೇಕೆಂದು ಕ್ಲೀವ್‌ಲೆಂಡಿಗೆ ಬಂದನು.

ಅಮೇರಿಕದಲ್ಲಿ ವೈದ್ಯವೃತ್ತಿಗೆ ಬೇಕಾದ ಪರವಾನಗಿಯು ಆತನಿಗೆ ಮೊದಲು ಇರಲಿಲ್ಲ. ಹಗಲು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಹಾಯಮಾಡುತ್ತ, ಕೆಲಸ ಮುಗಿದ ಮೇಲೆ ಸೋನ್ಸನ ಚಿತ್ರಗಳ ಮುಂದೆ ಗಂಟೆಗಟ್ಟಲೆ ಕುಳಿತಿರುವುದೇ ಆತನ ಅಭ್ಯಾಸವಾಯಿತು. ಕಿರೀಟಧಮನಿಗಳು ಎಲ್ಲೆಲ್ಲಿ ಕಟ್ಟುತ್ತವೆ, ಕಟ್ಟಿದ ಎಡೆಯಾಚೆಗೆ ನಾಳವು ಎಷ್ಟು ಚೆನ್ನಾಗಿರುತ್ತದೆ, ಎಂಬುದು ಆತನಿಗೆ ಕಂಠಪಾಠವಾಯಿತು. 1967ನೆಯ ಮೇ 9ರಂದು 51 ವರ್ಷದ ಮಹಿಳೆಯೊಬ್ಬಳ ಬಲಗಡೆಯ ಕಿರೀಟಧಮನಿಯು ಮುಚ್ಚಿದ್ದ ಎಡೆಯಲ್ಲಿ ಆಕೆಯದೇ ಕಾಲಿನಿಂದ ತೆಗೆದ ಶಿರೆಯ ತುಂಡೊಂದನ್ನು ಹೊಲಿದನು. ಮತ್ತೆ ಆಂಜಿಯೋಗ್ರಾಮ್ ಮಾಡಿ ನೋಡಿದಾಗ ರಕ್ತವು ಸರಾಗವಾಗಿ ಹರಿಯುತ್ತಿದ್ದಿತು. ಬೇಗನೆ ಆತನು ಶಿರೆಯ ಒಂದು ತುದಿಯನ್ನು ಮಹಾಧಮನಿಗೂ ಮತ್ತೊಂದನ್ನು ಕಟ್ಟಿದ ಎಡೆಯಾಚೆಗೂ ಹೊಲಿಯುವ ಕ್ರಮವನ್ನು ಹಿಡಿದನು. 1968ರಲ್ಲಿ ವಿವರವೆಲ್ಲವನ್ನೂ ಅಚ್ಚುಹಾಕಿಸಿದನು. ಮೊದಲು ಚಿತ್ರ, ನಡುವೆ ಶಸ್ತ್ರ, ಕೊನೆಗೆ ಮತ್ತೆ ಚಿತ್ರ: ಈ ಕ್ರಮವನ್ನು ಯಾರಾದರೂ ಅನುಸರಿಸಬಹುದಾಗಿದ್ದಿತು, ಅನುಸರಿಸಿದರು. ತಾನೊಬ್ಬನೇ ಇದರ ಜನಕನೆಂದು ಫವಲೋರೊ ಎಂದೂ ಹೇಳಿಕೊಳ್ಳಲಿಲ್ಲ. ಸಂಗಡಿಗರೆಲ್ಲರ ಕೆಲಸವೆಂದೇ ಆತನ ಮಾತು.

ಹೊಸ ಚಿಕಿತ್ಸೆಯು ಕಾಡುಗಿಚ್ಚಿನಂತೆ ಹಬ್ಬಿದಾಗ ಕಾಬನ ಪಾಠವು ಮರೆತುಹೋಗಲಿಲ್ಲ. ಔಷಧದಿಂದ ನೋಡಿಕೊಂಡವರಿಗಿಂತ ಶಸ್ತ್ರಚಿಕಿತ್ಸೆ ಪಡೆದವರು ಹೆಚ್ಚು ಕಾಲ ಬದುಕುವರೇ ಎಂದು ಅಮೇರಿಕದಲ್ಲಿಯೂ ಯೂರೋಪಿನಲ್ಲಿಯೂ ರೋಗಿಗಳನ್ನು ಎರಡು ಪಾಲುಮಾಡಿ ವರ್ಷಗಟ್ಟಲೆ ಲೆಕ್ಕವಿಟ್ಟರು. ಅಮೇರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಿಂದ 1977ರಲ್ಲಿ ಬಂದ ವರದಿಯು ಶಸ್ತ್ರವೈದ್ಯರಿಗೆ ಕಹಿಯಾಗಿದ್ದಿತು: ಎಡಗಡೆಯ ಧಮನಿಯ ಬುಡವೇ ಕಟ್ಟಿದವರನ್ನು ಬಿಟ್ಟರೆ, ಉಳಿದವರಲ್ಲಿ ಮೂರು ವರ್ಷಗಳ ಆಯುಸ್ಸಿಗೆ ಹೆಚ್ಚಿನ ಅಂತರವೇನೂ ಕಾಣಲಿಲ್ಲ. ತರುವಾಯದ ಪರೀಕ್ಷೆಗಳಿಂದ, ಮೂರು ಮುಖ್ಯ ನಾಳಗಳೂ ಕಟ್ಟಿದವರಿಗೂ ಹೃದಯದ ಬಲವು ಕುಂದಿದವರಿಗೂ ಲಾಭವುಂಟೆಂದು ಗೊತ್ತಾಯಿತು. 1986ರಲ್ಲಿ ಕ್ಲೀವ್‌ಲೆಂಡಿನಿಂದಲೇ ಬಂದ ಲೆಕ್ಕವು, ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಕಾಲಿನ ಶಿರೆಗಿಂತ ಎದೆಗೋಡೆಯ ಧಮನಿಯನ್ನು ಜೋಡಿಸಿದವರೇ ಹತ್ತು ವರ್ಷಗಳ ಕೊನೆಗೆ ಹೆಚ್ಚಾಗಿ ಬದುಕಿದ್ದರೆಂದು ತೋರಿಸಿತು. ಕೊಲೆಸೊವನು ಆರಿಸಿಕೊಂಡಿದ್ದುದು ಅದೇ ಧಮನಿಯನ್ನು! ಮಿಡಿಯುವ ಹೃದಯದ ಮೇಲೆಯೇ ಹೊಲಿಯುವ ಆತನ ರೀತಿಯನ್ನೂ 1980ರ ದಶಕದಲ್ಲಿ ಅರ್ಜೆಂಟೀನ, ಬ್ರೆಜಿಲ್ ದೇಶಗಳ ವೈದ್ಯರು ಪುನಃ ಬಳಕೆಗೆ ತಂದರು.

ಹೂಳೆತ್ತುವ ಮೊದಲನೆಯ ಉಪಾಯಕ್ಕೆ ಸಮೀಪವಾದುದೊಂದೂ ಈ ನಡುವೆ ಬಂದಿತು. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನು ಕೊಳವೆಯ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ಧಮನಿಯ ದಾರಿಯನ್ನು ಅಗಲಿಸಿದನು. ಮುಂದೆ ಅಲ್ಲಿ ಸ್ಟೆಂಟ್ ಎಂಬ ಲೋಹದ ಬಲೆಯನ್ನಿಡುವುದು ರೂಢಿಗೆ ಬಂದಿತು. ಇದರಿಂದ ಎಷ್ಟೋ ಜನರಿಗೆ ಎದೆ ಕೊಯ್ಯಿಸಿಕೊಳ್ಳುವ ಕಷ್ಟವು ತಪ್ಪಿದೆ. ಆದರೂ ಮಧುಮೇಹವಿದ್ದು ಹಲವು ನಾಳಗಳು ಕಟ್ಟಿದವರಿಗೆ ಬೈಪಾಸೇ ಮೇಲೆಂದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತಿಳಿಸಿತು. ಮಧುಮೇಹವು ಮನೆಮನೆಗೂ ಪರಿಚಿತವಾಗಿರುವ ಭಾರತಕ್ಕೆ ಇದು ಮುಖ್ಯವಾದ ಮಾತು.

ಭಾರತದಲ್ಲಿ ಮೊದಲ ಬೈಪಾಸನ್ನು 1975ರಲ್ಲಿ ಚೆನ್ನೈಯ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಕೆ. ಎಂ. ಚೆರಿಯನ್ ಅವರು ಮಾಡಿದರು. ಅವರು ವೈದ್ಯವಿದ್ಯೆಯನ್ನು ಕಲಿತುದು ಕರ್ಣಾಟಕದ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ. ಅದೇ ಕರಾವಳಿಯ ಕಿನ್ನಿಗೋಳಿಯವರಾದ ದೇವಿಪ್ರಸಾದ ಶೆಟ್ಟರು ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯವನ್ನು ಸ್ಥಾಪಿಸಿ, ಹೆಚ್ಚು ರೋಗಿಗಳಿಗೆ ಕಡಮೆ ವೆಚ್ಚದಲ್ಲಿ ಚಿಕಿತ್ಸೆ ದೊರೆಯುವಂತೆ ಮಾಡಿದರು. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ, ತಿಂಗಳಿಗೆ 5 ರೂಪಾಯಿನಂತೆ ವಂತಿಗೆ ಕೊಟ್ಟ ಒಕ್ಕಲಿಗನಿಗೂ ಹೃದಯದ ಶಸ್ತ್ರಚಿಕಿತ್ಸೆಯು ಎಟಕುವಂತಾಯಿತು.

ವೆಚ್ಚದ ಪ್ರಶ್ನೆಯು ಸಣ್ಣದಲ್ಲವೆಂಬುದಕ್ಕೆ ಫವಲೋರೊನ ಅಂತ್ಯವೇ ಸಾಕ್ಷಿ. ಅಮೇರಿಕದಲ್ಲಿ ಕೀರ್ತಿಯೂ ಧನವೂ ಕಾದಿದ್ದರೂ ಆತನು 1971ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಕೆಲವು ವರ್ಷಗಳಲ್ಲಿ ತನ್ನ ಹೆಸರಿನ ಸಂಸ್ಥೆಯನ್ನು ಕಟ್ಟಿ, ದಕ್ಷಿಣ ಅಮೇರಿಕದ ನೂರಾರು ತರುಣ ವೈದ್ಯರಿಗೆ ವಿದ್ಯೆಯನ್ನು ಕಲಿಸಿದನು. ಹಣವಿಲ್ಲವೆಂದು ರೋಗಿಯನ್ನು ಹಿಂದಕ್ಕೆ ಕಳುಹಿಸುವುದು ಹಳ್ಳಿಯ ಆ ಹಳೆಯ ವೈದ್ಯನಿಗೆ ಒಗ್ಗಲಿಲ್ಲ. ದೇಶದ ಆರ್ಥಿಕಸ್ಥಿತಿ ಕೆಟ್ಟು, ಬರಬೇಕಾದ ಬಾಕಿಗಳು ಬಾರದೆ, ಸಂಸ್ಥೆಯು ಸಾಲದಲ್ಲಿ ಮುಳುಗಿತು. ನೆರವನ್ನು ಬೇಡಿ ಬರೆದ ಕಾಗದಗಳಿಗೆ ಫಲ ದೊರೆಯಲಿಲ್ಲ. 2000ನೆಯ ಜುಲೈ 29ರಂದು, 77ನೆಯ ವಯಸ್ಸಿನಲ್ಲಿ, ಆತನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಎಷ್ಟೋ ಹೃದಯಗಳಿಗೆ ದಾರಿಮಾಡಿಕೊಟ್ಟವನಿಗೆ ತನ್ನ ಸಂಕಟದಿಂದ ಹೊರಗೆ ಬರುವ ದಾರಿಯನ್ನು ತೋರಿಸುವವರು ಇಲ್ಲದೆ ಹೋದರು.

ಬೈಪಾಸು ರೋಗವನ್ನು ಬೇರುಸಹಿತ ಕಿತ್ತುಹಾಕುವ ಚಿಕಿತ್ಸೆಯಲ್ಲವೆಂಬುದನ್ನು ವಾಚಕರು ಮರೆಯಬಾರದು. ಹಳೆಯ ಕಾಲುವೆಯಲ್ಲಿ ಹೂಳು ತುಂಬಿಸಿದ ಕಾರಣಗಳು, ಎಂದರೆ ಹೊಗೆಸೊಪ್ಪು, ರಕ್ತದ ಒತ್ತಡ, ಮಧುಮೇಹ, ರಕ್ತದಲ್ಲಿಯ ಕೊಬ್ಬು, ಉಳಿದಿದ್ದರೆ ಹೊಸ ಕಾಲುವೆಯಲ್ಲಿಯೂ ಹೂಳು ತುಂಬುವುದು. ಕಾಲುವೆಯನ್ನು ತೋಡುವವನು ಶಸ್ತ್ರವೈದ್ಯನಾದರೂ ಅದನ್ನು ಕಾಯ್ದುಕೊಳ್ಳಬೇಕಾದವನು ರೋಗಿಯೇ. ಮೊದಲಿಗನು ಯಾರೆಂಬ ವಾದವು ಪಂಡಿತರಲ್ಲಿ ಇನ್ನೂ ನಡೆದಿದೆ. ರೋಗಿಯ ಮಂಚದ ಬಳಿ ನಿಂತವರಿಗೆ ಆ ವಾದದಿಂದ ಪ್ರಯೋಜನವಿಲ್ಲ. ಕಂಡು ಕೊಯ್ದವರಿಂದ, ಕೊಯ್ದುದನ್ನು ಲೆಕ್ಕವಿಟ್ಟವರಿಂದ, ಲೆಕ್ಕವನ್ನು ಮರೆಮಾಡದೆ ಹೇಳಿದವರಿಂದ ಈ ವಿದ್ಯೆಯು ಬೆಳೆಯಿತು. ಗುರುವಿನ ನೋವಿಗೆ ಅಂಜಿ ಜೆನ್ನರನು ಬಾಯಿಮುಚ್ಚಿಕೊಂಡಿದ್ದ ಸಂಗತಿಯನ್ನು ಇಂದು ದೂರದ ಹಳ್ಳಿಯ ರೋಗಿಯೂ ತನ್ನ ಆಂಜಿಯೋಗ್ರಾಮಿನ ಚಿತ್ರದಲ್ಲಿ ಕಣ್ಣಾರೆ ನೋಡಿ, ಮುಂದೇನು ಮಾಡಬೇಕೆಂದು ವೈದ್ಯನನ್ನು ಕೇಳಬಲ್ಲನು.